ಅನೇಕಾಂತನ ಹೆಸರಿನ ಎರಡನೆಯ ಕೀಲಿಕೈ

"ಎರಡೂ ಒಬ್ಬರ ಹೆಸರಿನ್ಯಾಗ ಅದಾವ್ರಿ. ಆದ್ರ ಎರಡೂ ಒಂದ ಅಲ್ಲ," ಎಂದು ಅನುಜಾ ಎರಡು ಹಾಳೆಗಳನ್ನು ಟೇಬಲ್ಲಿನ ಮೇಲೆ ಅಕ್ಕಪಕ್ಕ ಇಟ್ಟಳು.

ಇನ್ಸ್‌ಪೆಕ್ಟರ್ ರಾಮಲಿಂಗ ನೋಯುವ ಹಲ್ಲಿನ ಕಡೆಯ ಕೆನ್ನೆಯನ್ನು ಅಂಗೈಗೆ ಆನಿಸಿಕೊಂಡು ಕೂತಿದ್ದ. ಗಡಿ ಗಲಾಟೆಯ ಬಂದೋಬಸ್ತಿಗೆಂದು ವಾರವಿಡೀ ರಸ್ತೆಯ ಮೇಲೆ ನಿಂತು ಕಾಲು ಊದಿದ್ದವು. ಹಲ್ಲು ಕೀಳಿಸಿಕೊಳ್ಳಲು ರಜೆ ಕೇಳಿ ಕೇಳಿ ಈಗ ಕೇಳುವುದಕ್ಕೂ ಬೇಸರ ಬಂದಿತ್ತು.

ಹಾಳೆಗಳನ್ನು ನೋಡಿದ. ಎರಡರ ತುಂಬಲೂ ಅಂಕಿ ಮತ್ತು ಇಂಗ್ಲಿಷ್ ಅಕ್ಷರಗಳ ಗೋಜಲು. ಹಿಟ್ಟು ಚೆಲ್ಲಿದಲ್ಲಿ ಇರುವೆ ಮುತ್ತಿದ ಹಾಗಿತ್ತು.

"ನನಗ ತಿಳಿಯೂ ಹಂಗ ಹೇಳ್ರಿ ಬಾಯಾರ," ಎಂದ.

ಅನುಜಾ ಬೆಳಗಾವಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವಾಕೆ. ಡಿಜಿಟಲ್ ಸಹಿ ಎಂಬುದನ್ನು ಪೊಲೀಸ್ ಇಲಾಖೆಯಲ್ಲಿ ಯಾರೂ ಕಣ್ಣಿನಿಂದ ಕಂಡಿರಲಿಲ್ಲವಾದ್ದರಿಂದ ರಾಮಲಿಂಗ ತಾನೇ ಹುಡುಕಿಕೊಂಡು ಹೋಗಿ ಆಕೆಯ ನೆರವು ಕೇಳಿದ್ದ. ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಒತ್ತುವ ಯಂತ್ರದ ಎರಕದ ಗಾಲಿ ಸಿಡಿದು ಮಾಯವ್ವ ಎಂಬ ಕೆಲಸದಾಕೆ ಸತ್ತಿದ್ದಳು. ಆ ಗಾಲಿಯಲ್ಲಿ ಬಿರುಕಿಲ್ಲವೆನ್ನುವ ಪರೀಕ್ಷಾ ವರದಿಯ ಕೆಳಗೆ, ಅದನ್ನು ತಯಾರಿಸಿದ ಬೆಳಗಾವಿಯ ಫೌಂಡ್ರಿಯ ಅಧಿಕಾರಿ ಅನೇಕಾಂತ ಉಪಾಧ್ಯೆಯ ಡಿಜಿಟಲ್ ಸಹಿ ಇತ್ತು. ಅನೇಕಾಂತ ಹಿಂಡಲಗಾ ಜೈಲಿನಲ್ಲಿದ್ದ.

ಅವನು ಮೊದಲ ದಿನದಿಂದ ಒಂದೇ ಮಾತು ಹೇಳುತ್ತಿದ್ದ. ಆ ಗಾಲಿಯನ್ನು ತಾನು ಪಾಸು ಮಾಡಿಲ್ಲ, ಸುಣ್ಣದ ಕಡ್ಡಿಯಿಂದ ಅದರ ಮೇಲೆ ಕಾಟು ಗುರುತು ಹಾಕಿ ಕರಗಿಸಲು ಬದಿಗೆ ಇಡಿಸಿದ್ದೆ, ಎಂದು. ಆದರೆ ಸಹಿ ಅವನದೇ ಎಂದು ಕಂಪ್ಯೂಟರ್ ಹೇಳುತ್ತಿತ್ತು. ಕಾಗದದ ಮೇಲಿನ ಸಹಿಯನ್ನಾದರೆ ಯಾರಾದರೂ ತಿದ್ದಿ ತಿದ್ದಿ ಕಲಿತಾರು, ಇದನ್ನು ಹಾಗೆ ಮಾಡಲು ಬರುವುದಿಲ್ಲ ಎಂದು ಸರ್ಕಾರಿ ವಕೀಲರು ಕೋರ್ಟಿನಲ್ಲಿ ಹೇಳಿದ್ದರು. ಹೊಸ ಕಾನೂನು, ಹೊಸ ವಿಷಯ. ನ್ಯಾಯಾಧೀಶರು ಜಾಮೀನು ಕೊಟ್ಟಿರಲಿಲ್ಲ.

ಅನುಜಾ ನಿಧಾನವಾಗಿ ಹೇಳಿದಳು. ಹೀಗೆ ಸಹಿ ಮಾಡುವವನ ಹತ್ತಿರ ಒಂದು ಖಾಸಗಿ ಕೀಲಿಕೈ ಇರುತ್ತದೆ. ಕೀಲಿಕೈ ಎಂದರೆ ಕಬ್ಬಿಣದ್ದಲ್ಲ, ಒಂದು ದೊಡ್ಡ ಸಂಖ್ಯೆ, ಫ್ಲಾಪಿಯಲ್ಲಿ ಅಡಗಿಸಿಟ್ಟದ್ದು. ಅದಕ್ಕೆ ಜೋಡಿಯಾಗಿ ಊರಿಗೆಲ್ಲ ತೋರಿಸಬಹುದಾದ ಇನ್ನೊಂದು ಸಂಖ್ಯೆ ಇರುತ್ತದೆ. ಈ ಸಂಖ್ಯೆ ಇಂಥವರದು ಎಂದು ಹೆಸರು ಹಾಕಿ, ಫೌಂಡ್ರಿಯ ಮೂಲ ಕೀಲಿಕೈಯಿಂದ ಮುದ್ರೆ ಒತ್ತಿ ಕೊಡುವುದೇ ಪ್ರಮಾಣಪತ್ರ. ಸಹಿ ಮಾಡಿದ ಪ್ರತಿ ವರದಿಯ ಬೆನ್ನಿಗೆ ಆ ಪ್ರಮಾಣಪತ್ರವೂ ಅಂಟಿಕೊಂಡು ಹೋಗುತ್ತದೆ.

"ಇಷ್ಟು ದಿವಸ ನಾವೆಲ್ಲಾರೂ ಹೆಸರಷ್ಟ ನೋಡಿದ್ವಿರಿ," ಎಂದಳು. "ಕಳ್ಳ ವರದಿಗೆ ಅಂಟಿದ ಪ್ರಮಾಣಪತ್ರದಾಗ ಅನೇಕಾಂತ ಉಪಾಧ್ಯೆ ಅಂತ ಅದ. ಅವರ ಉಳಿದ ವರದಿಗೂಳಾಗೂ ಹಂಗ ಅದ. ಹೆಸರಿನ ಕೆಳಗಿನ ಸಂಖ್ಯಾ ಮಾತ್ರ ಬ್ಯಾರೆ."

"ಅಂದ್ರ?"

"ಅಂದ್ರ ಅವರ ಕೀಲಿಕೈ ಯಾರೂ ಕದ್ದಿಲ್ರಿ. ಅವರ ಹೆಸರಿಲೆ ಹೊಸಾದೊಂದು ಮಾಡಿಸ್ಯಾರ."

ರಾಮಲಿಂಗ ಕೆನ್ನೆಯಿಂದ ಕೈ ತೆಗೆದ. ಬೆಳಗಿನಿಂದ ಮೊದಲ ಸಲ ಹಲ್ಲಿನ ನೆನಪು ಹೋಯಿತು.

ಹಾಗಾದರೆ ಇದನ್ನು ಮಾಡಿದವರು ಯಾರು? ಅವನ ಮನಸ್ಸು ನೇರವಾಗಿ ಫೌಂಡ್ರಿಯ ಮಾಲೀಕ ಗಜಾನನನ ಕಡೆ ಹೋಯಿತು. ಕಾಟು ಬಿದ್ದ ಗಾಲಿ ಮಾರಾಟವಾದರೆ ಲಾಭ ಅವನಿಗೇ. ಮೂಲ ಕೀಲಿಕೈಯೂ ಅವನ ಮನೆತನದ ಫೌಂಡ್ರಿಯದೇ. ಆ ಮಾತನ್ನು ಬಾಯಿಬಿಟ್ಟು ಹೇಳಿಯೂ ಹೇಳಿದ.

ಇಷ್ಟಕ್ಕೇ ಹಾಗೆ ಹೇಳಲಾಗದು ಎಂದಳು ಅನುಜಾ. ಮೂರನೆಯ ಹಾಳೆಯೊಂದನ್ನು ಮುಂದೆ ಸರಿಸಿದಳು. ಅದು ಪರ್ಲ್ ಎಂಬ ಭಾಷೆಯಲ್ಲಿ ಬರೆದ ಸ್ಕ್ರಿಪ್ಟು. ಫೌಂಡ್ರಿಯಲ್ಲಿ ಕೀಲಿಕೈಗಳ ಕಾರಭಾರವನ್ನೆಲ್ಲ ಅದೇ ನೋಡಿಕೊಳ್ಳುತ್ತಿತ್ತು. ಯಾರ ಹೆಸರಿಗೆ ಬೇಕೆಂದು ಕೇಳುತ್ತದೆ, ಹೊಸ ಜೋಡಿ ಸಂಖ್ಯೆ ಹುಟ್ಟಿಸುತ್ತದೆ, ಮೂಲ ಕೀಲಿಕೈಯಿಂದ ಮುದ್ರೆ ಒತ್ತಿಸುತ್ತದೆ, ಖಾಸಗಿ ಕೀಲಿಕೈಯನ್ನು ಫ್ಲಾಪಿಗೆ ಇಳಿಸುತ್ತದೆ. ಹಾಗೆ ಮಾಡುವಾಗ ಪ್ರತಿ ಪ್ರಮಾಣಪತ್ರಕ್ಕೂ ಒಂದು ಕ್ರಮಸಂಖ್ಯೆ ಹಾಕುತ್ತದೆ.

"ಗಜಾನನ ಅವರ ಪ್ರಮಾಣಪತ್ರ ಎಲ್ಲಾಕಿಂತ ಮೊದಲು ಮಾಡಿದ್ದು. ಅದರ ನಂಬರ್ ಒಂದು. ಅನೇಕಾಂತ ಅವರದು ನಾಕು. ಈಗ ಈ ಕಳ್ಳ ಪ್ರಮಾಣಪತ್ರದ ನಂಬರ್ ನೋಡ್ರಿ."

ರಾಮಲಿಂಗ ನೋಡಿದ. ಒಂದು.

"ಒಂದ ಫೌಂಡ್ರ್ಯಾಗ ಎರಡು ಒಂದು ಹೆಂಗ ಬರತಾವರಿ?"

"ಬರಂಗಿಲ್ಲ. ಆ ಮಶಿನ್‌ನ್ಯಾಗ ಮಾಡಿದ್ರ ಮುಂದಿನ ನಂಬರ್ ಬೀಳ್ತಿತ್ತು. ಸ್ಕ್ರಿಪ್ಟ್ ಹೊಸಾ ಜಾಗಾದಾಗ ಓಡಿದ್ರ ಮಾತ್ರ ಎಣಿಕಿ ಮತ್ತ ಒಂದರಿಂದ ಚಾಲೂ ಆಗ್ತದ." ಅನುಜಾ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. "ಇದು ಫೌಂಡ್ರಿ ಹೊರಗ ಹುಟ್ಟ್ಯದ್ರಿ ಸಾಹೇಬ್ರ. ಮೂಲ ಕೀಲಿಕೈ ಹೊರಗ ಹೋಗ್ಯದ."

ಗಜಾನನನಿಗೆ ಹೊರಗೆ ಹೋಗುವ ಜರೂರಿ ಏನಿತ್ತು? ತನ್ನದೇ ಕೋಣೆಯಲ್ಲಿ, ತನ್ನದೇ ಯಂತ್ರದ ಮುಂದೆ ಕೂತು ಮಾಡಿಸಬಹುದಿತ್ತು. ಮೂಲ ಕೀಲಿಕೈ ಎಲ್ಲಿದೆ ಎಂದು ಹಿಂದೊಮ್ಮೆ ಕೇಳಿದಾಗ ಅವನು ಭುಜ ಕುಣಿಸಿ, ಅದೆಲ್ಲ ಮನಿಷಾಗೆ ಗೊತ್ತು, ಅವಳನ್ನು ಕೇಳಿ ಎಂದಿದ್ದ. ಮಾಲೀಕನಿಗೆ ಯಂತ್ರದ ವಿಷಯ ತಿಳಿಯದು ಎಂದುಕೊಂಡು ರಾಮಲಿಂಗ ಆ ಮಾತನ್ನು ಅಲ್ಲಿಗೇ ಬಿಟ್ಟಿದ್ದ.

ಮನಿಷಾ ಆ ಸ್ಕ್ರಿಪ್ಟು ಬರೆದಾಕೆ. ಮದುವೆಗೆಂದು ಕೆಲಸ ಬಿಟ್ಟು ಈಗ ಖಾನಾಪುರದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದಳು.

ಕಳ್ಳ ಪ್ರಮಾಣಪತ್ರ ಹುಟ್ಟಿದ ತಾರೀಖೂ ಅದರೊಳಗೇ ಇತ್ತು. ತುಳಸಿ ಲಗ್ನ ಮುಗಿದ ಮೇಲಿನ ಒಂದು ದಿನ. ಆದರೆ ಅದನ್ನು ಪೂರ್ತಿ ನಂಬಬೇಡಿ ಎಂದು ಅನುಜಾ ಎಚ್ಚರಿಸಿದಳು. ಯಂತ್ರದ ಗಡಿಯಾರ ತಪ್ಪಿದ್ದರೆ ತಾರೀಖೂ ತಪ್ಪೇ.

ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಂಡ ಹಾಗಾಯಿತು ರಾಮಲಿಂಗನಿಗೆ. ಅವನು ಹಾಳೆಗಳನ್ನು ಫೈಲಿಗೆ ಸೇರಿಸಿಕೊಂಡು ಎದ್ದ.

ಟಿಳಕವಾಡಿಯ ರೈಲ್ವೆ ಗೇಟು ಮುಚ್ಚಿತ್ತು. ಜೀಪಿನ ಮುಂದೆ ಕಬ್ಬಿನ ಟ್ರ್ಯಾಕ್ಟರು, ಹಿಂದೆ ಸಿಟಿ ಬಸ್ಸು. ಡ್ರೈವರ್ ಇಂಜಿನ್ ಆರಿಸಿ ಸ್ಟೇರಿಂಗಿನ ಮೇಲೆ ತಲೆಯಿಟ್ಟ. ರಾಮಲಿಂಗನಿಗೂ ತೂಕಡಿಕೆ ಬಂತು, ಹಲ್ಲು ಬಿಡಲಿಲ್ಲ.

ಕಾಯುತ್ತ ಕೂತಾಗ ಅನೇಕಾಂತನ ಮುಖ ಕಣ್ಣ ಮುಂದೆ ಬಂತು. ಜೈಲಿನಲ್ಲಿ ಮೊನ್ನೆ ಕಂಡಾಗ ಅವನು ತುಂಬಾ ಇಳಿದುಹೋಗಿದ್ದ. ಜೈನರವನು, ಸೂರ್ಯ ಮುಳುಗಿದ ಮೇಲೆ ಉಣ್ಣದ ಮನುಷ್ಯ. ಜೈಲಿನ ರಾತ್ರಿಯೂಟ ಹಾಗೇ ವಾಪಸು ಹೋಗುತ್ತಿತ್ತಂತೆ. ಕೇಳಿದ ಪ್ರಶ್ನೆಗೆಲ್ಲ ಚುಟುಕಾಗಿ ಉತ್ತರ ಕೊಟ್ಟಿದ್ದ. ನಿಮ್ಮ ಮೇಲೆ ಯಾರಿಗಾದರೂ ದ್ವೇಷವಿತ್ತೇ ಎಂದಾಗ ಇಲ್ಲವೆಂದಿದ್ದ. ಮೂಲ ಕೀಲಿಕೈಯ ಮಾತು ಬಂದಾಗ ಗೋಡೆ ನೋಡಿದ್ದ. ಅದನ್ನು ರಾಮಲಿಂಗ ದಣಿವೆಂದು ತಿಳಿದಿದ್ದ. ದಣಿದವನಿಗೆ ಎಲ್ಲರ ಮುಖದಲ್ಲೂ ದಣಿವೇ ಕಾಣುತ್ತದೆ.

ಗೇಟು ತೆರೆಯಿತು. ಮಚ್ಛೆ, ದೇಸೂರು ದಾಟಿ ಖಾನಾಪುರ ಸಮೀಪಿಸುವ ಹೊತ್ತಿಗೆ ರಸ್ತೆಯ ಎರಡೂ ಕಡೆ ಕೆಂಪು ಧೂಳು. ಹಂಚಿನ ಕಾರ್ಖಾನೆಯ ಚಿಮಣಿ ಹೊಗೆಯಾಡುತ್ತಿತ್ತು. ಆ ಒಂದು ಯಂತ್ರವನ್ನು ಬಿಟ್ಟು ಉಳಿದವೆಲ್ಲ ಎಂದಿನಂತೆ ನಡೆಯುತ್ತಿದ್ದವು.

ಗೇಟಿನ ಎದುರಿನ ಮಾವಿನ ಗಿಡದ ಕೆಳಗೆ ಬಾಳಪ್ಪ ಕೂತಿದ್ದ. ಸತ್ತ ಮಾಯವ್ವನ ಗಂಡ. ಪಾರಿಶ್ವಾಡದಿಂದ ದಿನಾ ಬಂದು ಅಲ್ಲಿ ಕೂತು, ಹೊತ್ತು ಇಳಿದ ಮೇಲೆ ಹೋಗುತ್ತಿದ್ದ. ಪರಿಹಾರ ಕೇಳಲಿಲ್ಲ, ಕೂಗಾಡಲಿಲ್ಲ. ರಾಮಲಿಂಗ ಜೀಪು ನಿಲ್ಲಿಸಿದರೆ ಎದ್ದು ನಿಂತು ಕೈ ಮುಗಿದ. ಪ್ರತಿ ಸಲ ಕೇಳುವುದನ್ನೇ ಈ ಸಲವೂ ಕೇಳಿದ.

"ಯಾರಂತ ಗೊತ್ತಾತೇನ್ರಿ?"

"ಗೊತ್ತಾಗತೈತಿ ಬಾಳಪ್ಪ. ಮನಿಗೆ ನಡಿ. ಬಿಸಲಾಗ ಯಾಕ ಕುಂತಿ?"

ಮನೆಯಲ್ಲಿ ಕೂತರೆ ಕುರಿಗಳು ಅವಳ ದನಿ ಹುಡುಕಿ ಒದರುತ್ತವೆ, ಅದನ್ನು ಕೇಳಲಾಗುವುದಿಲ್ಲ ಎಂದ ಬಾಳಪ್ಪ. ಮತ್ತೆ ಗಿಡದ ಬುಡಕ್ಕೆ ಕೂತ.

ಮನಿಷಾಳ ಕ್ಲಾಸು ಪೇಟೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ. ಕಿಟಕಿಗೆ ಪರದೆ, ಪರದೆಯ ಈಚೆ ಸಾಲಾಗಿ ನಾಲ್ಕು ಹಳೆಯ ಯಂತ್ರಗಳು. ಹುಡುಗಿಯರಿಬ್ಬರು ಟೈಪಿಂಗ್ ಕಲಿಯುತ್ತಿದ್ದರು. ಪೊಲೀಸ್ ಟೊಪ್ಪಿಗೆ ಕಂಡದ್ದೇ ಅವರ ಬೆರಳು ನಿಂತವು. ಮನಿಷಾ ಅವರಿಗೆ ನಾಳೆ ಬನ್ನಿ ಎಂದು ಮರಾಠಿಯಲ್ಲಿ ಹೇಳಿ ಕಳಿಸಿ, ಬಾಗಿಲು ಮುಂದೆ ಮಾಡಿದಳು.

"ಕುಂದರ್ರಿ ಸಾಹೇಬ. ಚಹಾ ತರಿಸಲ್ಯಾ?"

ಬೇಡವೆಂದ. ಬಿಸಿ ತಾಗಿದರೆ ಹಲ್ಲು ಜೀವ ತಿನ್ನುತ್ತಿತ್ತು. ಕೂತು ಅವಳನ್ನೇ ನೋಡಿದ. ಇಪ್ಪತ್ತೈದರ ಆಚೀಚಿನ ವಯಸ್ಸು. ಕೊರಳಲ್ಲಿ ಹೊಸ ಕರಿಮಣಿ. ಅನೇಕಾಂತ ಅರೆಸ್ಟಾದಾಗ ಹೇಳಿಕೆ ತೆಗೆದುಕೊಳ್ಳಲು ಬಂದಿದ್ದ ಪೇದೆಗೆ ಈಕೆ, ನಾನು ಬಿಟ್ಟ ಮೇಲೆ ಅಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ ಎಂದು ಬರೆಸಿದ್ದಳು. ಯಾರೂ ಎರಡನೆಯ ಸಲ ಕೇಳಿರಲಿಲ್ಲ.

"ಈ ಮಶಿನ್‌ಗೂಳಾಗ ಪರ್ಲ್ ಐತೇನು?"

ಅವಳ ರೆಪ್ಪೆ ಒಮ್ಮೆ ಬಡಿಯಿತು. "ಅದ. ಪೋರಿಗೋಳಿಗೆ ಕಲಿಸ್ತೀನಿ. ಅದೇನ ಗುನ್ಹಾ ಅಲ್ಲಲ್ರಿ?"

ರಾಮಲಿಂಗ ಅನುಜಾ ಕೊಟ್ಟ ಹಾಳೆಯನ್ನು ಕೀಬೋರ್ಡಿನ ಮೇಲಿಟ್ಟು, ಕ್ರಮಸಂಖ್ಯೆಯ ಕೆಳಗೆ ಬೆರಳಿಟ್ಟ.

ಅವಳು ಬಹಳ ಹೊತ್ತು ನೋಡಿದಳು. ಹೆಸರನ್ನಲ್ಲ, ಅಂಕಿಯನ್ನು. ಓದಲು ಬರುವವರು ಓದುವ ರೀತಿ ಅದು.

"ಇದು ಫೌಂಡ್ರ್ಯಾಗ ಮಾಡಿದ್ದಲ್ಲ," ಎಂದಳು ಕೊನೆಗೆ.

"ಅದು ನನಗೂ ಗೊತ್ತೈತಿ. ಎಲ್ಲಿ ಮಾಡಿದ್ದು?"

"ನನ್ನ ಕಡೆ ಯಾಕ ನೋಡ್ತೀರಿ?"

"ಸ್ಕ್ರಿಪ್ಟ್ ನಿಮ್ಮದು. ಮಶಿನ್ ನಿಮ್ಮ ಕಡೆ ಅದಾವು. ಮೂಲ ಕೀಲಿಕೈ ನಿಮ್ಮ ಕೈಯಾಗ ಇತ್ತಂತ ಮಾಲಕರು ಹೇಳ್ತಾರ. ಬ್ಯಾರೆ ಯಾರ ಕಡೆ ನೋಡ್ಲಿ?"

ಮನಿಷಾ ಕುರ್ಚಿಯ ಬೆನ್ನು ಹಿಡಿದು ನಿಂತಳು. ದನಿ ಏರಿಸಲಿಲ್ಲ. ಆ ತಾರೀಖಿನಂದು ತನಗೆ ತವರಿನ ಅಂಗಳದಲ್ಲಿ ಹಳದಿ ಹಚ್ಚುತ್ತಿದ್ದರು, ಮರುದಿನ ಲಗ್ನ, ಊರ ಮಂದಿಯೆಲ್ಲ ಸಾಕ್ಷಿ ಎಂದಳು. ಆಗ ಈ ಕ್ಲಾಸೂ ಇರಲಿಲ್ಲ, ಈ ಯಂತ್ರಗಳೂ ಇರಲಿಲ್ಲ. ಬೇಕಾದರೆ ಎಲ್ಲವನ್ನೂ ಎತ್ತಿಕೊಂಡು ಹೋಗಿ ನೋಡಿ ಎಂದಳು.

ಎತ್ತಿಕೊಂಡೇ ಹೋಗುತ್ತೇನೆ ಎಂದ ರಾಮಲಿಂಗ. ಆದರೆ ಅವಳು ಸುಳ್ಳು ಹೇಳುತ್ತಿಲ್ಲವೆಂದು ಅವನಿಗೆ ಆಗಲೇ ಅನ್ನಿಸಿತ್ತು. ಅಷ್ಟೇ ಖಚಿತವಾಗಿ, ಅವಳು ಏನನ್ನೋ ಹೇಳುತ್ತಿಲ್ಲವೆಂದೂ ಅನ್ನಿಸಿತ್ತು.

"ಮೂಲ ಕೀಲಿಕೈಗೆ ಪಾಸ್‌ವರ್ಡ್ ಇತ್ತಲ್ಲ? ಅದು ಯಾರ‍್ಯಾರಿಗೆ ಗೊತ್ತಿತ್ತು?"

ಕಿಟಕಿಯ ಕೆಳಗೆ ಯಾರೋ ಸೈಕಲ್ ಮೇಲೆ ಪಾತ್ರೆ ಮಾರುತ್ತ ಹೋದರು. ಅವಳು ಕಿಟಕಿಗೆ ಹೋಗಿ ಪರದೆಯ ಅಂಚು ಎಳೆದು ಮುಚ್ಚಿದಳು.

"ಯಾರಿಗೂ ಗೊತ್ತಿರೂದು ಬೇಕಿದ್ದಿಲ್ರಿ," ಎಂದಳು ಆಮೇಲೆ. "ಸ್ಕ್ರಿಪ್ಟಿನ ಒಳಗ ಬರದಿದ್ದೆ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಪ್ರತಿ ಹೊಸ ಪ್ರಮಾಣಪತ್ರಕ್ಕೂ ಆ ಉದ್ದನೆಯ ಪಾಸ್‌ವರ್ಡ್ ಟೈಪ್ ಮಾಡಬೇಕಿತ್ತು. ಗಜಾನನ ಸೇಠರು ಬೆನ್ನ ಹಿಂದೆ ನಿಂತು, ಇನ್ನೂ ಆಗಲಿಲ್ಲವೇ ಎಂದು ಕೂಗುತ್ತಿದ್ದರು. ಬೇಸತ್ತು ಒಂದು ದಿನ ಅವಳು ಅದನ್ನು ಸ್ಕ್ರಿಪ್ಟಿನ ಸಾಲುಗಳ ನಡುವೆಯೇ ಬರೆದುಬಿಟ್ಟಳು. ಅವತ್ತಿನಿಂದ ಅದು ಏನನ್ನೂ ಕೇಳದೆ ತಾನೇ ಮುದ್ರೆ ಒತ್ತತೊಡಗಿತು. ಪರ್ಲ್ ಸ್ಕ್ರಿಪ್ಟು ಎಂದರೆ ಬರೀ ಬರಹ, ಯಾವ ಯಂತ್ರದಲ್ಲಾದರೂ ತೆರೆದು ಓದಬಹುದು. ತೆಗೆಯಬೇಕೆಂದು ದಿನಾ ಅಂದುಕೊಳ್ಳುತ್ತಿದ್ದಳು. ತೆಗೆಯಲಿಲ್ಲ. ಫೌಂಡ್ರಿಯಲ್ಲಿ ಉಳಿದ ಪ್ರತಿಯಿಂದ ಮಾತ್ರ, ಬಿಟ್ಟು ಬರುವಾಗ ಆ ಸಾಲು ಅಳಿಸಿ ಬಂದಿದ್ದಳು. ಅನುಜಾಗೆ ಸಿಕ್ಕಿದ್ದು ಅದೇ ಪ್ರತಿ.

"ಕೀಲಿ ಹಾಕಿ ಕೀಲಿಕೈ ಅಲ್ಲೇ ಮೊಳಿಗೆ ತೂಗಹಾಕಿದಂಗಾತು," ಎಂದ ರಾಮಲಿಂಗ.

"ಹೌದ್ರಿ."

"ಈಗ ಆ ಮೂಲ ಕೀಲಿಕೈ ಎಲ್ಲೈತಿ?"

ಫೌಂಡ್ರಿಯಲ್ಲೇ ಬಿಟ್ಟು ಬಂದೆ ಎಂದಳು. ರಾಮಲಿಂಗ ಫೈಲು ಮಡಚಿ ತೊಡೆಯ ಮೇಲಿಟ್ಟುಕೊಂಡ. ಗದರಿಸುವ ಶಕ್ತಿ ಅವನಲ್ಲಿರಲಿಲ್ಲ, ಮನಸ್ಸೂ ಇರಲಿಲ್ಲ. ಹಿಂಡಲಗಾದಲ್ಲಿ ಅನೇಕಾಂತ ಹೇಗಿದ್ದಾನೆಂದು ಹೇಳಿದ. ರಾತ್ರಿ ಉಣ್ಣುವುದಿಲ್ಲ ಎಂದ. ಷರ್ಟಿನ ಕಾಲರಿನೊಳಗೆ ಕುತ್ತಿಗೆ ಸಡಿಲಾಗಿದೆ ಎಂದ. ಬರುವ ದಾರಿಯಲ್ಲಿ ಮಾವಿನ ಗಿಡದ ಕೆಳಗೆ ಕೂತಿದ್ದ ಬಾಳಪ್ಪನ ಮಾತನ್ನೂ ಹೇಳಿದ.

ಮನಿಷಾ ಅಲ್ಲೇ ಇದ್ದ ಸ್ಟೂಲು ಎಳೆದುಕೊಂಡು ಕೂತಳು.

"ಅನೇಕಾಂತ ಸರ್ ಕೈಯಾಗ ಕೊಟ್ಟೀನ್ರಿ."

"ಏನು?"

"ಕರೀ ಫ್ಲಾಪಿ. ಮೂಲ ಕೀಲಿಕೈ ಅದರಾಗ ಅದ. ಸ್ಕ್ರಿಪ್ಟೂ ಅದ, ಆ ಪಾಸ್‌ವರ್ಡ್ ಸಹಿತ. ದೀಪಾವಳಿ ಮೊದಲ ನನ್ನ ಕಡೀ ದಿವಸ ಅವರ ಕೈಯಾಗ ಕೊಟ್ಟು, ಮಶಿನ್‌ನ್ಯಾಗಿಂದು ಅಳಿಸಿ ಬಂದೆ."

ಅನೇಕಾಂತನೇ ಹಾಗೆ ಮಾಡಲು ಕೇಳಿಕೊಂಡಿದ್ದನಂತೆ. ಮಾಲೀಕರು ತನ್ನ ಬೆನ್ನ ಹಿಂದೆ ಹೊಸ ಪ್ರಮಾಣಪತ್ರ ಮಾಡಿಸಿ, ಯಾರ ಕೈಯಿಂದಲಾದರೂ ವರದಿಗೆ ಸಹಿ ಹಾಕಿಸುತ್ತಾರೆಂಬ ಭಯ ಅವನಿಗಿತ್ತು. ಮೂಲ ಕೀಲಿಕೈ ಆ ಕಟ್ಟಡದಲ್ಲಿ ಇಲ್ಲದಿದ್ದರೆ ಯಾರೂ ಹಾಗೆ ಮಾಡಲಾರರು. ಹೊಸ ಹುಡುಗರು ಸೇರಿದಾಗ ತಾನೇ ತಂದು ಮಾಡಿಕೊಡುತ್ತೇನೆ, ನೀನು ಮಾತ್ರ ಯಾರಿಗೂ ಹೇಳಬೇಡ ಎಂದು ಮಾತು ತೆಗೆದುಕೊಂಡಿದ್ದ.

ರಾಮಲಿಂಗ ಕಣ್ಣು ಮುಚ್ಚಿ ತೆರೆದ. ಬೆಳಿಗ್ಗೆ ಅನುಜಾಳ ಟೇಬಲ್ಲಿನ ಮೇಲೆ ಜೈಲಿನ ಬಾಗಿಲು ಅರ್ಧ ತೆರೆದಿತ್ತು. ಅನೇಕಾಂತನ ಹೆಸರಿನಲ್ಲಿ ಬೇರೆ ಯಾರೋ ಕೀಲಿಕೈ ಮಾಡಿಸಿದ್ದಾರೆ ಎಂದು ಕೋರ್ಟಿಗೆ ತೋರಿಸಬಹುದಿತ್ತು. ಈಗ? ಅದನ್ನು ಮಾಡಲು ಬೇಕಾದದ್ದೆಲ್ಲ ಅನೇಕಾಂತನ ಕೈಯಲ್ಲೇ ಇತ್ತು. ಬೇರೆ ಯಾರ ಕೈಯಲ್ಲೂ ಇರಲಿಲ್ಲ.

"ಇದನ್ನ ಆವಾಗ ಯಾಕ ಹೇಳಲಿಲ್ಲ?"

"ಹೇಳಿದ್ರ ಏನಾಗ್ತಿತ್ತು ಅಂತ ನಿಮ್ಮ ಮಾರಿ ಮ್ಯಾಲೇನ ಕಾಣ್ತದಲ್ರಿ ಸಾಹೇಬ," ಎಂದಳು ಮನಿಷಾ. ಅಳುತ್ತಿರಲಿಲ್ಲ. ಅತ್ತು ಮುಗಿಸಿದವರ ದನಿ ಅದು.

ನಾಲ್ಕೂ ಯಂತ್ರಗಳನ್ನು ಖಾನಾಪುರ ಠಾಣೆಯವರ ವಶಕ್ಕೆ ಕೊಡಿಸಿ, ಅವಳ ಹೇಳಿಕೆಯನ್ನು ಬರೆಸಿಕೊಂಡು ಹೊರಡುವ ಹೊತ್ತಿಗೆ ಬಿಸಿಲು ವಾಲಿತ್ತು. ಮಾವಿನ ಗಿಡದ ಕೆಳಗೆ ಬಾಳಪ್ಪ ಇನ್ನೂ ಇದ್ದ. ಈ ಸಲ ರಾಮಲಿಂಗ ಜೀಪು ನಿಲ್ಲಿಸಲಿಲ್ಲ. ಅವನ ಪ್ರಶ್ನೆಗೆ ಕೊಡಲು ಬೆಳಿಗ್ಗೆ ಇದ್ದಷ್ಟು ಉತ್ತರವೂ ಈಗ ಉಳಿದಿರಲಿಲ್ಲ.

ಅನೇಕಾಂತನ ಮನೆ ಸದಾಶಿವನಗರದಲ್ಲಿ. ಅವನ ತಾಯಿ ಚಂಪಾಬಾಯಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ಅಂಗಳದ ತೊಟ್ಟಿಯ ಹತ್ತಿರ ತಾಟು ತೊಳೆಯುತ್ತಿದ್ದಳು. ಜೀಪಿನ ಸದ್ದಿಗೆ ತಲೆಯೆತ್ತಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಲಗುಬಗೆಯಿಂದ ಬಂದಳು.

"ಬಿಟ್ರೇನ್ರಿ?" ಎಂದಳು.

ಇಲ್ಲವೆಂದು ಹೇಳುವುದು ಅವನ ಇಡೀ ದಿನದ ಕೆಲಸಗಳಲ್ಲಿ ಎಲ್ಲಕ್ಕಿಂತ ಕಷ್ಟದ್ದಾಗಿತ್ತು. ಅವಳು ತೊಳೆದ ತಾಟನ್ನು ಗೋಡೆಗೆ ಒರಗಿಸಿಟ್ಟಳು. ಆಮೇಲೆ ಒಳಗೆ ಕರೆದು ಕೂರಿಸಿ, ಮುಖ ನೋಡಿ, ಹಲ್ಲು ನೋವೇ ಎಂದು ಕೇಳಿದಳು. ಹೌದೆಂದ. ಒಳಗಿನಿಂದ ಲವಂಗ ತಂದು ಕೊಟ್ಟಳು. ಮಗನನ್ನು ಜೈಲಿಗೆ ಕಳಿಸಿದವನ ಕೈಗೆ ಆ ತಾಯಿ ಲವಂಗ ಕೊಡುತ್ತಿದ್ದಳು, ಅವನು ಅದನ್ನು ತೆಗೆದುಕೊಂಡು ಹಲ್ಲಿನಡಿ ಇಟ್ಟುಕೊಂಡ.

ಎಷ್ಟು ಮೆತ್ತಗೆ ಕೇಳಬಹುದೋ ಅಷ್ಟು ಮೆತ್ತಗೆ ಕೇಳಿದ. ದೀಪಾವಳಿಯ ಸುಮಾರಿಗೆ ಮಗ ಏನಾದರೂ ಮನೆಗೆ ತಂದಿಟ್ಟಿದ್ದನೇ? ಕರಿಯದು, ಚಪ್ಪಟೆ, ಅಂಗೈಯಗಲ?

"ಫ್ಲಾಪೀರಿ?" ಎಂದಳು ಚಂಪಾಬಾಯಿ. ಆ ಪದ ಅವಳ ಬಾಯಲ್ಲಿ ಸಲೀಸಾಗಿ ಬಂತು. "ತಂದಿಟ್ಟಿದ್ದ. ದೇವರ ಮನಿ ಕಪಾಟಿನ್ಯಾಗ. ಇದನ್ನ ಯಾರೂ ಮುಟ್ಟಬಾರದು ಅಂದಿದ್ದ."

"ಈಗ ಐತೇನ್ರಿ ಅವ್ವಾರ?"

"ಇಲ್ರಿ. ಒಯ್ದ್ರಲ್ಲ."

ರಾಮಲಿಂಗನ ಹಲ್ಲಿನಡಿಯ ಲವಂಗ ಪಟಕ್ಕೆಂದು ಮುರಿಯಿತು.

ಯಾರು ಒಯ್ದರು, ಯಾವಾಗ, ಎಂದು ಕೇಳಿದ. ದೀಪಾವಳಿಯ ಫರಾಳದ ತಿಂಡಿ ಇನ್ನೂ ಡಬ್ಬಿಯಲ್ಲಿತ್ತು, ಹಬ್ಬ ಮುಗಿದು ಬಹಳ ದಿನವಾಗಿರಲಿಲ್ಲ ಎಂದಳು. ಮಗ ಕೆಲಸಕ್ಕೆ ಹೋಗಿದ್ದಾಗ ಒಬ್ಬ ಹೆಣ್ಣುಮಗಳು ಬಂದಿದ್ದಳು. ಅನೇಕಾಂತ ಸಾಹೇಬರು ಫ್ಲಾಪಿ ಮರೆತು ಹೋಗಿದ್ದಾರೆ, ತರಲು ಹೇಳಿದ್ದಾರೆ ಎಂದಳಂತೆ. ಗುರುತಿನವಳೇ. ಮೊದಲು ಫೌಂಡ್ರಿಯಲ್ಲಿ ಉಸುಕಿನ ಅಚ್ಚು ಮಾಡುವ ಕೆಲಸಕ್ಕಿದ್ದವಳು, ಆಗೊಮ್ಮೆ ಈಗೊಮ್ಮೆ ಬೆಣ್ಣೆ ತಂದು ಕೊಡುತ್ತಿದ್ದವಳು. ಅನುಮಾನಪಡುವಂಥದ್ದೇನೂ ಇರಲಿಲ್ಲ. ಚಂಪಾಬಾಯಿ ಚಕ್ಕಲಿ ಕಟ್ಟಿ ಕೊಟ್ಟು, ಫ್ಲಾಪಿಯನ್ನೂ ಕೊಟ್ಟು ಕಳಿಸಿದಳು. ಸಂಜೆ ಮಗ ಬಂದಾಗ ಹೇಳಿದರೆ ಅವನು ಬಾಗಿಲಲ್ಲೇ ನಿಂತುಬಿಟ್ಟನಂತೆ. ಆಮೇಲೆ, ಹೋಗಲಿ ಬಿಡವ್ವ, ಈ ಮಾತು ಯಾರ ಮುಂದೂ ಆಡಬೇಡ, ಆಕೆಗೆ ತೊಂದರೆಯಾಗುತ್ತದೆ ಎಂದನಂತೆ.

"ಇಷ್ಟ ದಿನ ನಾನೂ ಹೇಳಿಲ್ರಿ. ಆದ್ರ ಇನ್ನ ಎಷ್ಟಂತ ಸುಮ್ಮಕ ಇರ್ಲಿ? ನನ್ನ ಮಗಾ ಅಲ್ಲಿ ಉಪಾಸ ಅದಾನ."

"ಆಕಿ ಹೆಸರೇನ್ರಿ?"

ಹೆಸರು ಕೇಳಿದವರಾರು? ಬೆಣ್ಣೆಯಾಕೆ ಎಂದೇ ಕರೆಯುತ್ತಿದ್ದಳು. ಖಾನಾಪುರದ ಕಡೆಯ ಹಳ್ಳಿಯವಳು, ಇತ್ತೀಚೆಗೆ ಬಂದಿಲ್ಲ.

ಗೋಡೆ ನೋಡುತ್ತ ಕೂತಿದ್ದ ಅನೇಕಾಂತ ರಾಮಲಿಂಗನಿಗೆ ನೆನಪಾದ. ಅದು ದಣಿವಾಗಿರಲಿಲ್ಲ. ಆ ಮನುಷ್ಯ ಯಾರನ್ನೋ ಕಾಪಾಡುತ್ತಿದ್ದ. ಆ ಹೆಂಗಸು ಸಿಕ್ಕರೆ, ಅವಳು ಫ್ಲಾಪಿಯನ್ನು ಯಾರ ಕೈಗೆ ಒಯ್ದು ಕೊಟ್ಟಳೆಂದು ತಿಳಿದರೆ, ಅಲ್ಲಿಗೆ ಎಲ್ಲ ಮುಗಿಯಿತು. ನಾಳೆಯೇ ಹಿಡಿಯಬಹುದು. ಬಹಳ ದಿನಗಳ ಮೇಲೆ ಅವನಿಗೆ, ಇವತ್ತು ಮನೆಗೆ ಹೋಗಿ ನಿದ್ದೆ ಮಾಡಬಹುದು ಅನ್ನಿಸಿತು.

ಹೇಳಿಕೆ ಬರೆದುಕೊಳ್ಳಲು ಫೈಲು ಬಿಚ್ಚಿ, ಬಿಳಿ ಹಾಳೆ ಹುಡುಕುತ್ತ ಒಳಗಿನ ಕಾಗದಗಳನ್ನು ಒಂದೊಂದಾಗಿ ಪಕ್ಕದ ಮಣೆಯ ಮೇಲೆ ತೆಗೆದಿಟ್ಟ. ಅವುಗಳಲ್ಲಿ ಒಂದು ಫೋಟೋ ಇತ್ತು. ಹೊಸ ಗಾಲಿಯನ್ನು ಯಂತ್ರಕ್ಕೆ ಕೂರಿಸಿದ ದಿನ ಹಂಚಿನ ಕಾರ್ಖಾನೆಯವರು ಪೂಜೆ ಮಾಡಿಸಿ ತೆಗೆಸಿದ್ದು. ಗಾಲಿ ಒಡೆಯುವ ಮೊದಲು ಹೇಗಿತ್ತೆಂದು ತೋರಿಸುವ ಚಿತ್ರ ಅದೊಂದೇ ಆದ್ದರಿಂದ ಫೈಲಿಗೆ ಸೇರಿಸಿಕೊಂಡಿದ್ದ. ಗಾಲಿಗೆ ಚೆಂಡುಹೂವಿನ ಮಾಲೆ, ಸುತ್ತ ಕೆಲಸದವರು.

ಚಂಪಾಬಾಯಿ ಕನ್ನಡಕ ಸರಿಮಾಡಿಕೊಂಡು ಬಾಗಿದಳು.

"ಅಯ್ಯ, ಈಕೀನ ನೋಡ್ರಿ," ಎಂದಳು.

ಅವಳ ಬೆರಳು ಗಾಲಿಯ ಬಾಜುವಿನಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದವಳ ಮೇಲಿತ್ತು. ರಾಮಲಿಂಗ ಆ ಮುಖವನ್ನು ಬಲ್ಲ. ಶವದ ಮೇಲಿನ ಬಟ್ಟೆ ಸರಿಸಿ ಬಾಳಪ್ಪನಿಗೆ ತೋರಿಸಿದವನು ಅವನೇ.

ಮಾಯವ್ವ.

ಅವನು ಫೋಟೋ ಎತ್ತಿ ಬೆಳಕಿಗೆ ಹಿಡಿದ. ಅದನ್ನು ಚಂಪಾಬಾಯಿ ಬೇರೆಯೇ ರೀತಿ ತಿಳಿದುಕೊಂಡಳು. ಅವಳ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಆಸೆಯಂಥದ್ದೇನೋ ಮೂಡಿತ್ತು.

"ಆಕೀನ ಹೋಗಿ ಕೇಳ್ರಿ ಸಾಹೇಬ್ರ. ಭಾಳ ಚಲೋ ಹೆಣ್ಣಮಗಳು. ಖರೇ ಏನೈತಿ ಎಲ್ಲಾ ಹೇಳತಾಳ."